ಊಟದ ವಾರಾಬಂದಿ

ನನ್ನ ಗಂಡ ಕಾಲುವೆಯ ಗೇಟು ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದರು. ಶಹಾಪುರದಿಂದ ನಮ್ಮೂರಿಗೆ ಬರುವ ದಾರಿಯಲ್ಲಿ ದೊಡ್ಡ ಕಾಲುವೆಯಿಂದ ಒಂದು ಕವಲು ಒಡೆಯುತ್ತದೆ. ಆ ಕವಲಿನ ಗೇಟುಗಳು ಅವರ ಪಾಲಿಗಿದ್ದವು. ಯಾವ ಊರಿನ ಹೊಲಕ್ಕೆ ಯಾವಾಗ ನೀರು ಎಂಬ ಸರದಿಗೆ ನಮ್ಮ ಕಡೆ ವಾರಾಬಂದಿ ಎನ್ನುತ್ತಾರೆ. ಆ ಸರದಿಯಂತೆ ಗೇಟು ಎತ್ತಬೇಕು, ಇಳಿಸಬೇಕು. ಯಾರಾದರೂ ಕದ್ದು ಎತ್ತಿ ಕೆಳಗೆ ಕಲ್ಲು ಸಿಕ್ಕಿಸಿದ್ದರೆ ಅದನ್ನು ತೆಗೆದು ಅವರೊಂದಿಗೆ ಜಗಳವಾಡಬೇಕು. ನೀರು ಬಿಟ್ಟ ತಿಂಗಳುಗಳಲ್ಲಿ ಅವರ ಗಂಟಲು ಯಾವಾಗಲೂ ಕಟ್ಟಿಕೊಂಡಿರುತ್ತಿತ್ತು. ಹಾಗಾಗಿ ಕೆಮ್ಮು ಶುರುವಾದಾಗ ನಾವಿಬ್ಬರೂ ಜಗಳದ ಕೆಮ್ಮೆಂದೇ ತಿಳಿದೆವು.

ನಾನು ಅದೇ ಊರಿನ ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಇದನ್ನು ಬರೆಯಲು ಶುರು ಮಾಡಿ ಎಷ್ಟೋ ಸಲ ಎದ್ದು ಹೋಗಿದ್ದೇನೆ. ಒಲೆ ಆರಿಸಿದೆನೋ ಇಲ್ಲವೋ ನೋಡುತ್ತೇನೆ, ಬಾಗಿಲಿನ ಚಿಲಕ ಎಳೆದು ನೋಡುತ್ತೇನೆ, ಬೆಳಗ್ಗೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ. ಹತ್ತನೇ ತರಗತಿ ಮುಗಿದ ಮೇಲೆ ವರದಿಯ ಹೊರತು ಉದ್ದಕ್ಕೆ ಏನನ್ನೂ ಬರೆದವಳಲ್ಲ. ಆದರೆ ಅವರ ಊಟದ ವಿಷಯ ತಲೆಯಲ್ಲಿ ಸುತ್ತುತ್ತಲೇ ಇದೆ. ಯಾರಿಗಾದರೂ ಹೇಳಲು ಹೊರಟರೆ, ‘ಹೋದೋರು ಹೋದ್ರು, ಬಿಡವ್ವ’ ಎನ್ನುತ್ತಾರೆ. ಕಾಗದ ಹಾಗೆ ಅನ್ನುವುದಿಲ್ಲ.

ಯಾದಗಿರಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಎಡ ಪುಪ್ಪುಸದಲ್ಲಿ ಗಡ್ಡೆ ಕಂಡಿತು. ಅಲ್ಲಿಯವರು ಹೈದರಾಬಾದಿನ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ನಮ್ಮನ್ನು ನೋಡಿದ್ದು ಒಬ್ಬ ಡಾಕ್ಟರಮ್ಮ, ರಾಯಚೂರು ಕಡೆಯವರು. ಕನ್ನಡ ಕೇಳಿದ ಕೂಡಲೇ ನನ್ನ ಗಂಡ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕೂತರು. ಆಸ್ಪತ್ರೆಯಲ್ಲಿ ಹೊಸ ಔಷಧದ ಪರೀಕ್ಷೆ ನಡೆದಿತ್ತು. ಅದರಲ್ಲಿ ಅವರ ಹೆಸರು ಸೇರಿತು.

ಆ ಔಷಧ ನೇರವಾಗಿ ಗಡ್ಡೆಯನ್ನು ಕೊಲ್ಲುವುದಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ನಮ್ಮ ಮೈಯಲ್ಲೇ ರೋಗದ ವಿರುದ್ಧ ಕಾಯುವ ಜೀವಕೋಶಗಳಿವೆ. ಗಡ್ಡೆ ಅವಕ್ಕೆ ಬ್ರೇಕು ಹಾಕಿ ಕೂರಿಸಿರುತ್ತದೆ. ಔಷಧ ಆ ಬ್ರೇಕು ಬಿಡಿಸುತ್ತದೆ, ಮುಂದಿನ ಕೆಲಸ ಅವೇ ಮಾಡಬೇಕು. ಕೆಲವು ವಾರಗಳಿಗೊಮ್ಮೆ ಹೋಗಿ ಬಾಟಲಿ ಹಾಕಿಸಿಕೊಂಡು ಬರುತ್ತಿದ್ದೆವು. ಊಟ ಬಿಡಬಾರದು, ತೂಕ ತೀರಾ ಇಳಿದರೆ ಔಷಧ ನಿಲ್ಲಿಸಬೇಕಾಗುತ್ತದೆ ಎಂದೂ ಪ್ರತಿ ಸಲ ಹೇಳುತ್ತಿದ್ದರು. ಕೆಲವು ಬಾಟಲಿಗಳಾದ ಮೇಲೆ ಮತ್ತೆ ಸ್ಕ್ಯಾನ್ ಆಯಿತು. ಗಡ್ಡೆ ಬೆಳೆದಿರಲಿಲ್ಲ, ಕರಗಿಯೂ ಇರಲಿಲ್ಲ.

‘ಬ್ರೇಕ್ ಬಿಟ್ಟೀರಿ ಅಂತೀರಿ, ಗಾಡಿ ಯಾಕ ಹೋಗವಲ್ದು?’ ಎಂದು ಇವರು ಕೇಳಿದರು.

‘ಗಾಡಿ ಹೋಗ್ಯಾದ ಕಾಕಾ, ಗಡ್ಡಿ ತನಕ ಹೋಗಿ ನಿಂತದ’ ಎಂದರು ಡಾಕ್ಟರಮ್ಮ. ‘ಅಲ್ಲಿ ಅವಕ್ಕ ಉಣ್ಣಾಕ ಇಲ್ಲ. ಕಾಯೋ ಕೋಶಗಳೂ ಸಕ್ಕರಿ ತಿಂದೇ ಕೆಲಸ ಮಾಡ್ತಾವ, ಗಡ್ಡೀನೂ ಸಕ್ಕರೀನೇ ತಿಂತದ. ಗಡ್ಡೀದು ಆಸಿಬುರುಕ ಬಾಯಿ. ಸುತ್ತಲಿಂದೆಲ್ಲಾ ತಾನೇ ಎಳಕೊಂಡು ಹೊರಗ ಹುಳಿ ಬಿಡ್ತದ. ಆ ಹುಳಿಯೊಳಗ ಬರೇ ಹೊಟ್ಟೀಲೆ ನಿಂತು ಇವು ದಣೀತಾವ.’

ನನ್ನ ಗಂಡನ ಮುಖ ಅರಳಿತು. ‘ಹಂಗಂದ್ರ ಭತ್ತದವ್ರು ಅನ್ರಿ.’

‘ಯಾರು?’

‘ಕಾಲುವಿ ಮ್ಯಾಗಿನವ್ರು ರೀ. ಭತ್ತ ಹಚ್ಚಬ್ಯಾಡ್ರಪಾ ಅಂತ ಸರಕಾರ ಹೇಳೇದ, ಕೇಳಂಗಿಲ್ಲ. ನೀರೆಲ್ಲಾ ಅವರೇ ಕುಡೀತಾರ. ಕುಡಿದು ಕುಡಿದು ಉಪ್ಪು ಎಬ್ಬಿಸಿ ಹೊಲ ಸವಳ ಮಾಡ್ಕೋತಾರ. ಆ ಸವಳ ನೀರು ಬಸದು ಕೆಳಗಿನವ್ರಿಗೆ ಬರ್ತದ. ಕಟ್ಟಕಡೀ ಟೇಲ್ ಎಂಡ್‌ನವ್ರು ಬಾಯಿ ಬಾಯಿ ಬಿಡ್ತಾರ.’

ಡಾಕ್ಟರಮ್ಮ ನಕ್ಕು, ‘ಹಂಗೇ ಅಂತ ತಿಳೀರಿ’ ಎಂದರು. ಇನ್ನೂ ಏನೋ ಹೇಳಲಿದ್ದರು. ಅಷ್ಟರಲ್ಲಿ ವಾರ್ಡಿನಿಂದ ಕರೆ ಬಂತು, ಎದ್ದು ಹೋದರು. ನಮ್ಮ ಬಸ್ಸಿನ ಹೊತ್ತಾಗಿತ್ತು, ನಾವೂ ಎದ್ದೆವು.

ಆ ದಿನ ಬಸ್ಸಿನಲ್ಲಿ ಅವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಗುರುಮಠಕಲ್ ದಾಟಿದ ಮೇಲೆ ನನ್ನ ಕಡೆ ತಿರುಗಿ, ‘ಮ್ಯಾಗಿನ ಗೇಟ್ ಬಂದ್ ಮಾಡ್ತೀನಿ’ ಎಂದರು. ಯಾವ ಗೇಟು ಎಂದು ಕೇಳಿದೆ. ತಮ್ಮ ಬಾಯಿಯನ್ನು ಬೆರಳಿನಿಂದ ತೋರಿಸಿದರು.

ಮನೆಗೆ ಬಂದ ಮರುದಿನದಿಂದಲೇ ಚಹಾದ ಸಕ್ಕರೆ ನಿಂತಿತು. ಆಮೇಲೆ ಬೆಲ್ಲ. ಆಮೇಲೆ, ಅನ್ನ ಹೊಟ್ಟೆಗೆ ಹೋದರೆ ಸಕ್ಕರೆಯೇ ಆಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಅನ್ನ ನಿಂತಿತು. ಜೋಳವೂ ಅಷ್ಟೇ ಎಂದು ತಿಳಿದ ದಿನ ರೊಟ್ಟಿಯನ್ನೂ ಬಿಟ್ಟರು. ತುಸು ಹೆಸರುಕಾಳು, ಒಂದಿಷ್ಟು ಸೊಪ್ಪು, ನೀರು ಮಜ್ಜಿಗೆ, ಇಷ್ಟೇ ಉಳಿಯಿತು. ಸುರಪುರದಲ್ಲಿರುವ ಅವರ ಅಕ್ಕ ತಮ್ಮನ ಮಾತನ್ನು ನಂಬಿ, ನಮ್ಮ ಮನೆಯ ಬೆಲ್ಲದ ಡಬ್ಬಿಯನ್ನು ಎತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಓಣಿಯವರು ನೋಡಲು ಬರುವಾಗ ಹಾಗಲಕಾಯಿ ತಂದರು, ಬೇವಿನ ಸೊಪ್ಪು ತಂದರು. ಕಹಿ ತಂದಷ್ಟೂ ಇವರಿಗೆ ಸಂತೋಷ.

ನಾನು ಬೇಡವೆಂದೆ. ಡಾಕ್ಟರು ಊಟ ಬಿಡಬೇಡಿ ಎಂದಿದ್ದಾರೆ ಎಂದೆ. ಕೇಳಲಿಲ್ಲ. ಕದ್ದು ಮಜ್ಜಿಗೆಗೆ ಹಿಟ್ಟು ಕಲಸಿ ಕೊಟ್ಟೆ, ಒಂದೇ ಗುಟುಕಿಗೆ ಕಂಡುಹಿಡಿದು ಲೋಟ ಕೆಳಗಿಟ್ಟರು. ‘ಗೇಟಿನ ಕೆಳಗ ಕಲ್ಲು ಇಡಾಕ ಬಂದೀಯೇನು?’ ಎಂದರು. ಸಿಟ್ಟಿನಿಂದಲ್ಲ, ಹೆಮ್ಮೆಯಿಂದ. ರೋಗ ಬಂದ ಮೇಲೆ ಅವರು ಬರೀ ಮಲಗುವವರು, ಬಾಟಲಿ ಹಾಕಿಸಿಕೊಳ್ಳುವವರು ಆಗಿದ್ದರು. ಈಗ ಮತ್ತೆ ಒಂದು ಕೆಲಸ ಸಿಕ್ಕಿತ್ತು. ಬೆಳಗ್ಗೆ ಎದ್ದು, ‘ಇವತ್ತೂ ಬಂದ್’ ಎಂದು ಹೇಳಿಕೊಂಡೇ ಮುಖ ತೊಳೆಯುತ್ತಿದ್ದರು. ನಾನು ಅಂಗನವಾಡಿಗೆ ಹೋಗುತ್ತಿದ್ದೆ, ಮಕ್ಕಳಿಗೆ ಊಟ ಬಡಿಸಿ ಮಧ್ಯದಲ್ಲೇ ಮನೆಗೆ ಓಡಿ ಬರುತ್ತಿದ್ದೆ, ಅವರನ್ನು ನೋಡಿ ಮತ್ತೆ ಓಡುತ್ತಿದ್ದೆ. ಮಕ್ಕಳು ತಟ್ಟೆ ನೆಕ್ಕುವ ಸದ್ದು ಕೇಳಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದೆ.

ಮುಂದಿನ ಸಲ ಹೈದರಾಬಾದಿಗೆ ಹೋಗುವ ದಿನ ಬಸ್ಸು ಹತ್ತುವಾಗ ಅವರ ರಟ್ಟೆ ಹಿಡಿದಿದ್ದೆ. ಅಂಗಿಯ ತೋಳಿನೊಳಗೆ ಕೈಗೆ ಬರೀ ಎಲುಬು ಸಿಕ್ಕಿತು. ಆದರೆ ಆಸ್ಪತ್ರೆಯಲ್ಲಿ ನರ್ಸ್ ತೂಕ ನೋಡಿ, ಹೆಚ್ಚೇನೂ ಇಳಿದಿಲ್ಲ ಎಂದು ಬರೆದುಕೊಂಡಳು. ನಾನು ಯಂತ್ರವನ್ನೇ ನೋಡುತ್ತ ನಿಂತೆ. ಅವರು ನನ್ನ ಕಡೆ ನೋಡಲಿಲ್ಲ, ಮೆಲ್ಲಗೆ ಕಾಲು ಕೂಡಿಸಿಕೊಂಡು ಡಾಕ್ಟರಮ್ಮನ ಕೋಣೆಗೆ ನಡೆದರು. ನಡಿಗೆ ವಿಚಿತ್ರವಾಗಿತ್ತು.

ಡಾಕ್ಟರಮ್ಮ ಹಾಸಿಗೆಯ ಮೇಲೆ ಮಲಗಲು ಹೇಳಿದರು.

‘ಕುಂತೇ ಇರ್ತೀನ್ರಿ, ಹಿಂಗೇ ನೋಡ್ರಿ.’

‘ಮಲಗ್ರಿ ಕಾಕಾ, ಹೊಟ್ಟಿ ನೋಡ್ಬೇಕು.’

ಮಲಗಿದರು. ಬಟ್ಟೆಯೊಳಗಿನಿಂದ ಕಬ್ಬಿಣದ ಸದ್ದಾಯಿತು. ದೊಡ್ಡದೊಂದು ಬೋಲ್ಟು ಪ್ಯಾಂಟಿನ ಕಾಲಿನಿಂದ ಜಾರಿ, ಹಾಸಿಗೆಯ ಅಂಚಿಗೆ ಬಂದು, ನೆಲಕ್ಕೆ ಬಿದ್ದು ಉರುಳುತ್ತ ಡಾಕ್ಟರಮ್ಮನ ಚಪ್ಪಲಿಯವರೆಗೆ ಹೋಯಿತು. ಅವರು ಬಗ್ಗಿ ಎತ್ತಿಕೊಂಡರು.

‘ಇದೇನಿದು?’

‘ಬೋಲ್ಟ್ ರೀ. ಗೇಟಿಂದು.’

‘ಅದು ಗೊತ್ತಾತು. ನಿಮ್ಮ ಹಂತ್ಯಾಕ ಯಾಕದ?’

ಒಳಗಿನ ಪಟ್ಟೆ ಚಡ್ಡಿಯ ಎರಡೂ ಕಿಸೆಗಳಲ್ಲಿ ಬೋಲ್ಟುಗಳಿದ್ದವು, ನಟ್ಟುಗಳಿದ್ದವು. ಒಂದು ಕಿಸೆ ಹರಿದಿತ್ತು. ನಾನೇ ಒಂದೊಂದಾಗಿ ತೆಗೆದು ಮೇಜಿನ ಮೇಲೆ ಇಟ್ಟೆ. ಬಾಗಿಲ ಬಳಿ ನಿಂತಿದ್ದ ನರ್ಸ್ ಗೋಡೆಯ ಕಡೆ ತಿರುಗಿ ನಗುತ್ತಿದ್ದಳು. ನನಗೂ ನಗು ಬರುವಂತಿತ್ತು. ನಕ್ಕರೆ ಅದು ಅಳುವಾಗಿಬಿಡುತ್ತದೆಂದು ಹಲ್ಲು ಕಚ್ಚಿದೆ.

‘ತೂಕ ಇಳದ್ರ ಔಷಧ ಬಂದ್ ಅಂತ ನೀವೇ ಅಂದಿದ್ರಲ್ರಿ’ ಎಂದರು ಇವರು ಕೊನೆಗೆ. ‘ಔಷಧಾನೂ ಬೇಕು, ಗಡ್ಡಿ ಉಪವಾಸಾನೂ ಬೀಳ್ಬೇಕು. ನಾ ಏನ್ ಮಾಡ್ಲಿ?’

ಡಾಕ್ಟರಮ್ಮ ನಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು. ‘ಕಾಕಾ, ಹೋದ ಸಲ ನಾ ಅರ್ಧಕ್ಕ ಎದ್ದು ಹೋದೆ, ಅದು ನಂದೇ ತಪ್ಪು. ಕೇಳ್ರಿ. ನೀವು ಉಣ್ಣದಿದ್ರೂ ಮೈ ರಕ್ತದಾಗ ಸಕ್ಕರಿ ಕಡಿಮಿ ಆಗಾಕ ಬಿಡಂಗಿಲ್ಲ. ತನ್ನ ಮಾಂಸ ತಾನೇ ಕರಗಿಸಿ ಸಕ್ಕರಿ ಮಾಡ್ತದ. ನಿಮ್ಮ ತೊಡಿ, ನಿಮ್ಮ ರಟ್ಟಿ ಎಲ್ಲಾ ಹಂಗೇ ಹೋಗ್ಯಾವ. ಆ ಸಕ್ಕರೀನೂ ಗಡ್ಡೀನೇ ಮೊದಲ ಎಳಕೊಳ್ತದ. ಉಪವಾಸ ಬಿದ್ದಿದ್ದು ನೀವು, ಅದಲ್ಲ.’

ಆ ದಿನ ಔಷಧ ಕೊಡಲಿಲ್ಲ. ‘ಉಂಡು ಬರ್ರಿ. ಮುಂದಿನ ಸಲ ಕಬ್ಬಿಣ ಇಲ್ದ ತೂಕ ನಿಂತಿದ್ರ ಬಾಟಲಿ ಹಾಕ್ತೀನಿ. ಇನ್ನೂ ಇಳದ್ರ ಈ ಔಷಧ ಇಲ್ಲಿಗೇ ಮುಗೀತು. ನಿಮ್ಮ ಮೈ ತಡಕೊಳ್ಳಂಗಿಲ್ಲ’ ಎಂದರು.

ಬಾಟಲಿ ಹಾಕಿಸಿಕೊಳ್ಳದೆ ಮರಳಿದ್ದು ಅದೇ ಮೊದಲು. ಬಸ್ಸಿನಲ್ಲಿ ನನಗೆ ಕಾಲು ನಿಲ್ಲಲಿಲ್ಲ. ಸೀಟಿನ ಕೆಳಗೆ ಹೆಬ್ಬೆರಳಿನಿಂದ ಕಬ್ಬಿಣದ ಪಟ್ಟಿಯನ್ನು ತಟ್ಟುತ್ತಲೇ ಬಂದೆ. ಮುಂದಿನ ಸೀಟಿನವನು ಎರಡು ಸಲ ತಿರುಗಿ ನೋಡಿದ.

ಊಟ ಮಾಡುತ್ತೇನೆ ಎಂದು ಡಾಕ್ಟರಮ್ಮನಿಗೆ ತಲೆಯಾಡಿಸಿ ಬಂದಿದ್ದರು. ಆದರೆ ಮನೆಯಲ್ಲಿ ತಟ್ಟೆ ಮುಂದಿಟ್ಟರೆ ಕೈ ಏಳುತ್ತಿರಲಿಲ್ಲ. ತುತ್ತು ಬಾಯಿಯ ತನಕ ಹೋಗಿ ನಿಲ್ಲುತ್ತಿತ್ತು. ‘ಇದು ಇಳಿದ್ರ ಅದರ ಬಾಯಿಗೇ ಹೋಗ್ತದಲ್ಲ’ ಎನ್ನುತ್ತಿದ್ದರು. ನಾನು ಎದುರು ಕೂರಲಾರದೆ ಅಡುಗೆಮನೆಗೂ ಪಡಸಾಲೆಗೂ ಓಡಾಡುತ್ತಿದ್ದೆ. ಮುಂದಿನ ಭೇಟಿ ಹತ್ತಿರ ಬರುತ್ತಿತ್ತು. ಸುರಪುರದ ಅಕ್ಕನಿಗೆ ಫೋನು ಮಾಡಿ ಬರ ಹೇಳಿದೆ. ಅಕ್ಕ ಬಂದವರೇ ಬೆಲ್ಲದ ಡಬ್ಬಿಯನ್ನು ಇದ್ದಲ್ಲಿಗೆ ಇಟ್ಟು, ತಮ್ಮನ ಹಾಸಿಗೆಯ ಬಳಿ ಕೂತರು. ಒಂದು ಹೊತ್ತು ಬೈದರು, ಒಂದು ಹೊತ್ತು ಗದ್ದ ಹಿಡಿದು ಬೇಡಿಕೊಂಡರು. ಎರಡಕ್ಕೂ ಅವರು ಅಲ್ಲಾಡಲಿಲ್ಲ.

ಅಕ್ಕ ಇರುವಾಗಲೇ ಒಂದು ಮಧ್ಯಾಹ್ನ ವಡಗೇರಾ ಕಡೆಯ ಒಬ್ಬ ವಯಸ್ಸಾದ ರೈತ ಬಂದರು. ನಮ್ಮ ಕವಲಿನ ತೀರಾ ಕೊನೆಯ ಹೊಲ ಅವರದು. ನನ್ನ ಗಂಡ ಅವರನ್ನು ಚಾಚಾ ಎನ್ನುತ್ತಿದ್ದರು, ಅವರು ಇವರನ್ನು ಸಾಬ್ ಎನ್ನುತ್ತಿದ್ದರು. ನೀರು ಮುಟ್ಟಲಿಲ್ಲವೆಂದು ಪ್ರತಿ ವರ್ಷ ನಮ್ಮ ಬಾಗಿಲಿಗೆ ಬಂದು ಜಗಳವಾಡಿ, ಚಹಾ ಕುಡಿದು ಹೋಗುವವರು. ಆ ದಿನ ಹೆಗಲ ಮೇಲಿನ ವಲ್ಲಿಯಲ್ಲಿ ಸೀತನಿ ಕಟ್ಟಿಕೊಂಡು ಬಂದಿದ್ದರು. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದ ಹಸಿರು ಕಾಳು. ಬಿಚ್ಚಿದ ಕೂಡಲೇ ಮನೆಯೆಲ್ಲಾ ಸುಟ್ಟ ತೆನೆಯ ವಾಸನೆ.

‘ನಿಮ್ಮ ನೀರ್ ಬಂದಿದ್ರ ಅಕ್ಕಿ ತರ್ತಿದ್ದೆ ಸಾಬ್’ ಎಂದರು ಚಾಚಾ. ‘ಬರ್ಲಿಲ್ಲ. ಅದಕ್ಕ ಜ್ವಾಳ ತಂದೀನಿ. ತಿನ್ರಿ.’

ಇವರು ಕೈ ಮುಂದೆ ಮಾಡಲಿಲ್ಲ. ಚಾಚಾ ಅಕ್ಕನ ಕಡೆ ನೋಡಿದರು.

‘ಉಣ್ಣಾಂಗಿಲ್ಲ ಅವ’ ಎಂದರು ಅಕ್ಕ. ‘ಗಡ್ಡಿ ಸಕ್ಕರಿ ತಿಂತದಂತ. ಅದಕ್ಕ ಮ್ಯಾಗಿನ ಗೇಟ್ ಬಂದ್ ಮಾಡ್ಕೊಂಡು ಕುಂತಾನ. ಭತ್ತದವ್ರನ್ನ ಒಣಗಿಸ್ತಾನಂತ.’

ಚಾಚಾ ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡು ನನ್ನ ಗಂಡನ ಹತ್ತಿರ ಸರಿದು ಕೂತರು.

‘ಸಾಬ್, ಇಷ್ಟು ವರ್ಷ ಗೇಟ್ ಕಾದೀರಿ. ಮ್ಯಾಗಿನ ಗೇಟ್ ಬಂದ್ ಮಾಡಿದ್ರ ಮ್ಯಾಗಿನವ್ರು ಒಣಗ್ತಾರೇನು? ಅವ್ರ ಗದ್ದ್ಯಾಗ ಮೊಣಕಾಲ್ ಮಟ ನೀರ್ ನಿಂತಿರ್ತದ. ಅದು ಮುಗದ್ರ ಮೋಟರ್ ಹಚ್ಚಿ ಕಾಲುವಿ ತಳದಾಗಿನ ಕೆಸರೂ ಎಳಕೋತಾರ. ಹೋದ ವರ್ಷ ಗೇಟ್ ಬಂದ್ ಆದಾಗ ಯಾರ ಬೆಳಿ ಹೋತು? ಅವ್ರದು ಹೋತೇನು, ನಂದು ಹೋತೇನು?’

ಇವರು ಹೊದಿಕೆಯ ಅಂಚು ಎಳೆದುಕೊಂಡರು.

‘ಹೇಳ್ರಿ ಸಾಬ್.’

‘ನಿಮ್ಮದು’ ಎಂದರು ಇವರು.

‘ಹಾಂ. ನಾ ಯಾವತ್ತರ ಗೇಟ್ ಬಂದ್ ಮಾಡ್ರಿ ಅಂತ ಕೇಳ್ಕೊಂಡು ಬಂದೀನೇನು? ಬಿಡ್ರಿ ಅಂತೀನಿ. ಜಾಸ್ತಿ ಬಿಡ್ರಿ ಅಂತೀನಿ. ಮ್ಯಾಗಿನವ್ರು ಕುಡದು ತೇಗಿದ ಮ್ಯಾಗರ ನನಗ ನಾಕ್ ಹನಿ ಬರ್ಲಿ ಅಂತ.’

‘ಅದು ಕಾಲುವಿ ಚಾಚಾ. ಇದು ಮೈ.’

‘ಹೌದೇನೋ?’ ಎಂದರು ಅಕ್ಕ ತಟ್ಟನೆ. ‘ನಿನ್ನಿ ತನಕ ಕಾಲುವಿ ಇತ್ತಲ್ಲ. ಚಾಚಾ ಬಂದ ಕೂಡ್ಲೇ ಮೈ ಆತೇನು?’

ಚಾಚಾ ಜೋರಾಗಿ ನಕ್ಕರು. ನನ್ನ ಗಂಡ ನಗಲಿಲ್ಲ, ಆದರೆ ಮುಖದ ಬಿಗಿ ಸಡಿಲವಾಯಿತು. ಡಾಕ್ಟರಮ್ಮ ಹೇಳಿದ್ದೂ ಇದೇ ಮಾತು. ಆದರೆ ಅವರು ಹೇಳಿದ್ದು ರಕ್ತದ ಮಾತು, ಇವರ ಕಣ್ಣಿಗೆ ಕಾಣದ್ದು. ಚಾಚಾ ಹೇಳಿದ್ದು ಇವರು ತಾವೇ ನಿಂತು ನೋಡಿದ ಹೊಲ. ಕೊನೆಗೆ ಬಿಚ್ಚಿದ ವಲ್ಲಿಗೆ ಕೈ ಹಾಕಿ ಒಂದು ಚಿಟಿಕೆ ಸೀತನಿ ಎತ್ತಿ ಬಾಯಿಗೆ ಹಾಕಿಕೊಂಡರು. ಅಗಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರ ಗಂಟಲನ್ನೇ ನೋಡುತ್ತಿದ್ದೆ. ಇಳಿಯಿತು.

‘ಚಲೋ ಅದ’ ಎಂದರು. ‘ಉಪ್ಪು ಬೇಕಿತ್ತು.’

ಉಪ್ಪು ತರಲು ಒಳಗೆ ಓಡಿದೆ. ಅವಸರಕ್ಕೆ ಡಬ್ಬಿಯ ಅರ್ಧ ಉಪ್ಪು ನೆಲಕ್ಕೆ ಚೆಲ್ಲಿತು.

ಅಲ್ಲಿಂದ ಮುಂದೆ ಊಟಕ್ಕೂ ಅವರೇ ವಾರಾಬಂದಿ ಹಾಕಿಕೊಂಡರು. ಒಮ್ಮೆಲೇ ತಿಂದರೆ ಸೇರುತ್ತಿರಲಿಲ್ಲ, ಹಾಗಾಗಿ ಸ್ವಲ್ಪ ಸ್ವಲ್ಪವೇ, ಹೊತ್ತಿಗೆ ಸರಿಯಾಗಿ. ಬೆಳಗ್ಗೆ ರಾಗಿ ಗಂಜಿ, ಆಮೇಲೆ ಮೊಟ್ಟೆ, ಮಧ್ಯಾಹ್ನ ಮೊಸರಲ್ಲಿ ನೆನೆಸಿದ ರೊಟ್ಟಿ, ಸಂಜೆ ಶೇಂಗಾ ಬೆಲ್ಲ. ನಾನು ತಡ ಮಾಡಿದರೆ ಹಾಸಿಗೆಯಿಂದಲೇ, ‘ಸರದಿ ತಪ್ಪಾಕತ್ತದ’ ಎಂದು ಕೂಗುತ್ತಿದ್ದರು. ಗಂಟಲು ಒಪ್ಪದ ದಿನಗಳೂ ಇದ್ದವು. ಆಗ ತುತ್ತು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ, ‘ಟೇಲ್ ಎಂಡಿಗೆ’ ಎಂದು ಗೊಣಗಿ ನುಂಗುತ್ತಿದ್ದರು. ನಾನು ಅಂಗನವಾಡಿಗೂ ಮನೆಗೂ ಓಡಾಡುವುದು ನಿಲ್ಲಲಿಲ್ಲ. ಆದರೆ ಈಗ ಕೈಯಲ್ಲಿ ಬಟ್ಟಲು ಇರುತ್ತಿತ್ತು.

ಮುಂದಿನ ಭೇಟಿಯಲ್ಲಿ ತೂಕದ ಯಂತ್ರ ಹತ್ತುವ ಮೊದಲು ಅವರು ಪ್ಯಾಂಟಿನ ಕಿಸೆಗಳನ್ನು ಹೊರಗೆ ಎಳೆದು ನರ್ಸಿಗೆ ತೋರಿಸಿದರು. ಅವಳು, ‘ಒಳಗಿಂದೂ?’ ಎಂದು ಸನ್ನೆ ಮಾಡಿದಳು. ‘ಹೋಗ್ವಾ, ನಿನ್ನ’ ಎಂದು ಬೈದು ಹತ್ತಿ ನಿಂತರು. ತೂಕ ನಿಂತಿತ್ತು. ಔಷಧ ಸಿಕ್ಕಿತು.

ಅದಾದ ಮೇಲೆ ಹಲವು ತಿಂಗಳು ನಮಗೆ ಸಿಕ್ಕವು. ಒಂದು ಸ್ಕ್ಯಾನ್‌ನಲ್ಲಿ ಗಡ್ಡೆಯ ನೆರಳು ತುಸು ಚಿಕ್ಕದಾಗಿತ್ತು. ಅವರು ಕಾಲುವೆಯ ಮೇಲಿನ ಸಣ್ಣ ಸೇತುವೆಗೆ ನಡೆದು ಹೋಗಿ ಕೂರುವಷ್ಟಾದರು. ತಮ್ಮ ಜಾಗಕ್ಕೆ ಬಂದಿದ್ದ ಹೊಸ ಗ್ಯಾಂಗ್‌ಮನ್‌ಗೆ ಬುದ್ಧಿ ಹೇಳಿ ಅವನ ತಲೆ ತಿಂದರು. ಆ ತಿಂಗಳುಗಳಲ್ಲಿಯೂ ನನಗೆ ನೆಮ್ಮದಿ ಇರಲಿಲ್ಲ. ಅವರು ಒಂದು ಸಲ ಕೆಮ್ಮಿದರೆ ನಾನು ಎದ್ದು ನಿಲ್ಲುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕೆಮ್ಮಿನಲ್ಲಿ ರಕ್ತ ಕಂಡಿತು. ಸ್ಕ್ಯಾನ್ ನೋಡಿ ಡಾಕ್ಟರಮ್ಮ ಬಹಳ ಹೊತ್ತು ಪರದೆಯ ಮೇಲಿನ ಚಿತ್ರವನ್ನು ಅತ್ತಿತ್ತ ಸರಿಸುತ್ತಿದ್ದರು. ಗಡ್ಡೆ ಬೆಳೆದಿತ್ತು, ಯಕೃತ್ತಿಗೂ ಹೋಗಿತ್ತು. ಔಷಧ ಇನ್ನು ಕೆಲಸ ಮಾಡುವುದಿಲ್ಲ ಎಂದರು. ಕಾಯುವ ಜೀವಕೋಶಗಳು ಎಷ್ಟು ಕಾಲವೆಂದು ಆ ಹುಳಿಯಲ್ಲಿ ನಿಲ್ಲುತ್ತವೆ, ಬಲ ಉಡುಗಿ ಸುಮ್ಮನಾಗಿವೆ ಎಂದರು. ಗಡ್ಡೆಯ ಆ ಬಾಯಿಯನ್ನೇ ಕಟ್ಟುವ ಔಷಧಕ್ಕಾಗಿ ಹುಡುಕುತ್ತಿದ್ದಾರಂತೆ. ಇನ್ನೂ ನಮ್ಮ ಕೈಗೆ ಸಿಗುವಷ್ಟು ಆಗಿಲ್ಲವಂತೆ.

ಇವರನ್ನು ನರ್ಸ್ ಹೊರಗೆ ಕರೆದುಕೊಂಡು ಹೋದ ಮೇಲೆ ನಾನು ಬಾಗಿಲಲ್ಲೇ ನಿಂತು ಕೇಳಿದೆ. ‘ನಾ ಉಣಿಸಿದ್ದು ಅದಕ್ಕೂ ಹೋತೇನ್ರಿ?’

ಅವರು ಸುಳ್ಳು ಹೇಳಲಿಲ್ಲ. ‘ಹೋಗಿರ್ತದ ಕಾಕಿ. ಆದ್ರ ನೀವು ಉಣಿಸದಿದ್ರೂ ಅದು ಬಿಡ್ತಿರ್ಲಿಲ್ಲ. ನೀವು ಉಣಿಸಿದ್ದಕ್ಕ ಕಾಕಾ ಇಷ್ಟು ದಿನ ತಮ್ಮ ಕಾಲ್ಮ್ಯಾಲೆ ನಡಕೊಂಡು ಬಂದ್ರು.’

ಈ ಉತ್ತರವನ್ನು ನಾನು ದಿನಕ್ಕೆ ಎಷ್ಟೋ ಸಲ ಮಗುಚಿ ನೋಡುತ್ತೇನೆ. ಒಮ್ಮೆ ಸಮಾಧಾನವಾಗುತ್ತದೆ. ರೊಟ್ಟಿ ಬಡಿಯಲು ಹಿಟ್ಟು ನಾದುವಾಗ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಆ ದಿನ ಯಾದಗಿರಿ ಬಸ್ ನಿಲ್ದಾಣಕ್ಕೆ ಬಂದು ಇಳಿದಾಗ ಸಂಜೆಯಾಗಿತ್ತು. ಶಹಾಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಅವರನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ನಾನು ಚೀಲ ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದೆ. ಬಸ್ಸು ಬರುವ ದಿಕ್ಕಿಗೆ ನಾಲ್ಕು ಹೆಜ್ಜೆ ಹೋಗುವುದು, ಬರುವುದು. ಮನೆ ಮುಟ್ಟಿಬಿಟ್ಟರೆ ಸಾಕು ಎನಿಸುತ್ತಿತ್ತು. ಮನೆ ಮುಟ್ಟಿ ಏನು ಮಾಡುವುದೆಂದು ತಿಳಿದಿರಲಿಲ್ಲ.

‘ಡಬ್ಬ್ಯಾಗ ಏನದ?’ ಎಂದರು.

ಮೊಸರು ಕಲಸಿದ ರೊಟ್ಟಿ ಎಂದೆ. ಅದನ್ನು ತೆಗೆಯುವುದೋ ಬೇಡವೋ ಎಂದು ನಾನು ಕೇಳಿರಲಿಲ್ಲ. ಔಷಧ ಇಲ್ಲವೆಂದ ಮೇಲೆ ಊಟವೂ ನಿಲ್ಲುತ್ತದೆ ಎಂದುಕೊಂಡಿದ್ದೆ.

‘ಇನ್ನ ತೂಕ ಯಾರೂ ನೋಡಂಗಿಲ್ಲ’ ಎಂದರು ಅವರು. ನಾನು ನಿಂತಲ್ಲೇ ನಿಂತೆ. ‘ಕೊಡಿಲ್ಲಿ. ಹಸಿವಾಗ್ಯಾದ.’

ಡಬ್ಬಿ ಬಿಚ್ಚಿ ಕೊಟ್ಟೆ. ಈ ಸಲ ಕಣ್ಣು ಮುಚ್ಚಲಿಲ್ಲ, ಏನೂ ಗೊಣಗಲಿಲ್ಲ. ಎಲ್ಲರಂತೆ, ನಿಲ್ದಾಣದಲ್ಲಿ ಹೋಗಿ ಬರುವವರನ್ನು ನೋಡುತ್ತ ನಿಧಾನವಾಗಿ ಉಣ್ಣತೊಡಗಿದರು. ಎರಡು ತುತ್ತು ಇಳಿಯುವಷ್ಟರಲ್ಲಿ ಶಹಾಪುರದ ಬಸ್ಸು ಬಂದು ನಿಂತಿತು. ಜನ ಓಡಿದರು. ನಾನು ಅವರ ತೋಳಿಗೆ ಕೈ ಹಾಕಿ, ಏಳ್ರಿ, ಸೀಟು ಸಿಗಂಗಿಲ್ಲ ಎಂದೆ.

‘ಹೋಗ್ಲಿ ಬಿಡು, ಹಿಂದ ಇನ್ನೊಂದು ಬರ್ತದ’ ಎಂದರು. ‘ಉಣ್ಣಾಕತ್ತೀನಿ, ಕಾಣಂಗಿಲ್ಲೇನು? ನೀನೂ ಕುಂದ್ರು. ಬೆಳಗ್ಗಿಂದ ಏನ್ ತಿಂದೀ?’

ಬಸ್ಸು ಹೊರಟು ಹೋಯಿತು. ನಾನು ಚೀಲ ಕೆಳಗಿಟ್ಟು ಅವರ ಪಕ್ಕದಲ್ಲಿ ಕೂತೆ. ಅವರು ಡಬ್ಬಿಯನ್ನು ನಮ್ಮಿಬ್ಬರ ನಡುವೆ ಸರಿಸಿದರು.